ಹಳಕಟ್ಟಿಯವರ ಪುಸ್ತಕ ಈಗ ಎಲ್ಲರದು: ನೆಟ್‌ಗೆ ಹಾಕೋಣವಾ?

ಗುಮ್ಮಟದ ಓಣಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಒಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಂತಿಲ್ಲ. ವಚನಗಳ ತಾಡೋಲೆ ಹುಡುಕಿ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ನಮ್ಮ ಕಾನೂನಿನ ಪ್ರಕಾರ ಲೇಖಕರು ಹೋದ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅಂದರೆ 2025ರ ಜನವರಿ 1ಕ್ಕೆ ಮುಗಿಯಿತು. ಅವರು ಬರೆದದ್ದನ್ನು ಈಗ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ನೆಟ್‌ಗೆ ಏರಿಸಬಹುದು. ಯಾರ ಅಪ್ಪಣೆಯೂ ಬೇಡ.

ನನ್ನ ಹತ್ತಿರ ಅವರ ವಚನ ಸಂಗ್ರಹ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗದ ಹಳೇ ಪ್ರತಿ ಇದೆ, ನಮ್ಮ ತಂದೆಯವರದು. ರಟ್ಟು ಹೋಗಿದೆ, ಒಳಗಿನ ಹಾಳೆ ಗಟ್ಟಿ ಇವೆ. ಜೊತೆಗೆ 'ಶಿವಾನುಭವ' ಪತ್ರಿಕೆಯ ಕೆಲವು ಸಂಚಿಕೆಗಳು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾಕಬೇಕು ಅಂತಿದ್ದೇನೆ. ಹೇಗೆ, ಎಲ್ಲಿ ಅನ್ನುವುದು ಗೊತ್ತಿದ್ದವರು ಹೇಳಿ.

ಇನ್ನೊಂದು ಮಾತು. ಮನೆಯಲ್ಲಿ ಇದನ್ನು ಹೇಳಿದಾಗ ಇಂಜಿನಿಯರಿಂಗ್ ಓದುವ ಮಗ, "ಅಚ್ಚಿನ ಕಾಲದಲ್ಲಿ ದುಡ್ಡಿದ್ದವರಿಗೆ ಮಾತ್ರ ಪುಸ್ತಕ. ಜನಸಾಮಾನ್ಯರ ಕೈಗೆ ವಿದ್ಯೆ ಸಿಕ್ಕಿದ್ದು ನೆಟ್ ಬಂದ ಮೇಲೆ" ಅಂದ. ನನಗೆ ಸರಿ ಕಾಣಲಿಲ್ಲ. ಹಳಕಟ್ಟಿಯವರು ನಮ್ಮೂರಲ್ಲಿ ವಕೀಲಿಕೆ ಮಾಡುತ್ತಿದ್ದವರು. ಮಠ, ಮನೆ ಅಂತ ಸುತ್ತಿ ತಾಡೋಲೆ ಹುಡುಕಿದರು. ಎಷ್ಟೋ ಕಡೆ ಆ ಕಟ್ಟುಗಳನ್ನು ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಿದ್ದರೇ ಹೊರತು ಬಿಚ್ಚಿ ಓದುತ್ತಿರಲಿಲ್ಲ. ಅವನ್ನೆಲ್ಲ ಕೈಯಿಂದ ನಕಲು ಮಾಡಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ಗೆ ಕಳಿಸಿದರೆ ಅವರು ವಾಪಸ್ ಕಳಿಸಿದರು. ಕಡೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಪ್ರೆಸ್‌ನಲ್ಲಿ ಪುಸ್ತಕ ಅಚ್ಚಾಯಿತು. ಇನ್ನೊಬ್ಬರ ಬಾಗಿಲು ಕಾಯುವುದೇ ಬೇಡ ಅಂತ 1925ರಲ್ಲಿ ಸ್ವಂತ ಮನೆ ಮಾರಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಶುರು, 1927ಕ್ಕೆ 'ನವಕರ್ನಾಟಕ' ವಾರಪತ್ರಿಕೆ. ದುಡ್ಡಿದ್ದವರಿಗೆ ಪುಸ್ತಕ ಮಾರಲು ಯಾರಾದರೂ ಮನೆ ಮಾರುತ್ತಾರಾ?

ಮೊಳೆ ಮಾಸ್ತರ, ಬೆಳಗಾವಿ

ಓಣಿಯವರೇ, ಒಳ್ಳೇ ಕೆಲಸ ಹಿಡಿದಿದ್ದೀರಿ. ನಾನು ಪ್ರೆಸ್‌ನಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿದವ. ಟ್ರೆಡಲ್ ಮಷೀನು ಗುಜರಿಗೆ ಹೋಗುವ ತನಕ ಅದೇ ಅನ್ನ ಕೊಟ್ಟಿತು. ಅದಕ್ಕೇ ನಾಲ್ಕು ಮಾತು ಬರೆಯುತ್ತೇನೆ.

ಜರ್ಮನಿಯ ಮೈಂಟ್ಸ್‌ನಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದ್ದು 1455ರ ಸುಮಾರಿಗೆ. ಅಚ್ಚಿನ ಯಂತ್ರ ಗೋವಾಕ್ಕೆ ಬಂದದ್ದು 1556ರಲ್ಲಿ. ಗೋವಾ ಅಂದರೆ ನಮಗೆ ಚೋರ್ಲಾ ಘಾಟ್ ಇಳಿದರೆ ಆಯಿತು. ಆದರೂ ಕನ್ನಡಕ್ಕೆ ಅದರ ಗಾಳಿ ತಾಗಲು ಇನ್ನೂ ಎರಡೂವರೆ ಶತಮಾನ ಬೇಕಾಯಿತು. ಮೊದಮೊದಲ ಕನ್ನಡ ಅಚ್ಚು ಪುಸ್ತಕಗಳಲ್ಲಿ ಒಂದು ವಿಲಿಯಂ ಕೇರಿಯ ವ್ಯಾಕರಣ, 1817. ಅದೂ ಎಲ್ಲಿ? ಬಂಗಾಳದ ಸೆರಾಂಪುರದಲ್ಲಿ! 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಬಂದಾಗ ಅದನ್ನು ಮೊಳೆಯಿಲ್ಲದೆ, ಕಲ್ಲಿನ ಮೇಲೆ ಬರೆದು ಒತ್ತುವ ಕಲ್ಲಚ್ಚಿನಲ್ಲಿ ತೆಗೆದರು. ಯಂತ್ರ ಊರ ಪಕ್ಕಕ್ಕೇ ಬಂದು ಕೂತರೂ ನಮ್ಮ ಮಾತನ್ನು ಅದರೊಳಗೆ ಇಳಿಸುವವರು ಇಲ್ಲದಿದ್ದರೆ ಏನೂ ಆಗುವುದಿಲ್ಲ, ಅಷ್ಟೇ.

ಇಳಿಸುವುದು ಅಂದರೆ ಏನು ಅಂತ ಈಗಿನ ಹುಡುಗರಿಗೆ ಹೇಳಬೇಕು. ಇಂಗ್ಲಿಷಿಗೆ ದೊಡ್ಡಕ್ಷರ ಸಣ್ಣಕ್ಷರ ಸೇರಿ 52, ಮೇಲೆ ಅಂಕಿ, ಚಿಹ್ನೆ. ಕನ್ನಡದ ಕೇಸಿನಲ್ಲಿ, ಅಂದರೆ ಮೊಳೆ ಇಡುವ ಪೆಟ್ಟಿಗೆಯಲ್ಲಿ, ನೂರಾರು ಮನೆ. ಕ, ಕಿ, ಕು ಬೇರೆ ಬೇರೆ, ಒತ್ತು ಬೇರೆ, ದೀರ್ಘ ಬೇರೆ. 'ಸ್ವಾತಂತ್ರ್ಯ' ಅಂತ ಒಂದು ಶಬ್ದ ಬಂದರೆ ಕೈ ಕೇಸಿನ ಈ ತುದಿಯಿಂದ ಆ ತುದಿಗೆ ಓಡಾಡಬೇಕು. ಮೊಳೆ ಕನ್ನಡಿಯೊಳಗಿನ ಅಕ್ಷರದಂತೆ ತಿರುವುಮುರುವು. ಜೋಡಿಸಿ, ದಾರ ಕಟ್ಟಿ, ಕರಡು ತೆಗೆದು, ತಿದ್ದಿ, ಮತ್ತೆ ಕರಡು ತೆಗೆಯಬೇಕು. ಪುಸ್ತಕ ಅಚ್ಚಾದ ಮೇಲೆ ಅಷ್ಟೂ ಮೊಳೆ ಬಿಚ್ಚಿ ಅವುಗಳ ಮನೆಗೆ ವಾಪಸ್ ಹಾಕಬೇಕು. ಇಲ್ಲದಿದ್ದರೆ ಮುಂದಿನ ಕೆಲಸಕ್ಕೆ ಮೊಳೆ ಎಲ್ಲಿಂದ ತರುವುದು? ಹಾಗಾಗಿ ಪ್ರತಿಗಳೆಲ್ಲ ಖರ್ಚಾದ ಮೇಲೆ ಯಾರಾದರೂ ಬಂದು ಇನ್ನೂ ನೂರು ಬೇಕು ಅಂದರೆ ಎಲ್ಲ ಮೊದಲಿನಿಂದ. ಹಳೇ ಪುಸ್ತಕಗಳು ಯಾಕೆ ಮರುಮುದ್ರಣ ಕಾಣಲಿಲ್ಲ ಅಂತ ಕೇಳುತ್ತಾರೆ. ಅರ್ಧ ಕಾರಣ ಇದೇ.

ಓಣಿಯ ಮಗ

ಆ ಮಗ ನಾನೇ. ಅಪ್ಪ ಅರ್ಧ ಮಾತಷ್ಟೇ ಬರೆದಿದ್ದಾರೆ.

ಪುಸ್ತಕ ಅಚ್ಚಾಯಿತು, ಸರಿ. ಪ್ರತಿಗಳು ಯಾರ ಮನೆಗೆ ಹೋದವು, ಈಗ ಎಲ್ಲಿವೆ, ಯಾರಿಗೆ ಗೊತ್ತು? ನಮ್ಮ ಮನೆಯದೇ ಟ್ರಂಕಿನೊಳಗಿತ್ತು. ಅಜ್ಜ ಹೋದ ಮೇಲೆ ಒಬ್ಬರೂ ತೆರೆದಿರಲಿಲ್ಲ. ಜಗಲಿಯ ಮೇಲಿನ ತಾಡೋಲೆಗೂ ಟ್ರಂಕಿನೊಳಗಿನ ಪುಸ್ತಕಕ್ಕೂ ಏನು ವ್ಯತ್ಯಾಸ? ಎರಡೂ ಓದುವವರಿಗೆ ಸಿಗಲಿಲ್ಲ ತಾನೇ.

1993ರಲ್ಲಿ ಸರ್ಕಾರ ಸಮಗ್ರ ವಚನ ಸಂಪುಟ ತಂದಿತು, 15 ಸಂಪುಟ. ದೊಡ್ಡ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ 'ರಾಟೆ' ಅನ್ನುವ ಶಬ್ದ ಎಲ್ಲೆಲ್ಲಿ ಬಂದಿದೆ ಅಂತ ನೋಡಬೇಕಾದರೆ 15 ಸಂಪುಟ ಗುಡ್ಡೆ ಹಾಕಿಕೊಂಡು ತಿಂಗಳುಗಟ್ಟಲೆ ಕೂರಬೇಕು. 'ವಚನ ಸಂಚಯ' ಅಂತ ತಾಣ ಇದೆ. 20 ಸಾವಿರಕ್ಕೂ ಜಾಸ್ತಿ ವಚನ ಅದರಲ್ಲಿವೆ. ಶಬ್ದ ಹಾಕಿದರೆ ಯಾರ ಯಾರ ವಚನದಲ್ಲಿ ಬಂದಿದೆ ಅಂತ ಸಾಲಾಗಿ ತೋರಿಸುತ್ತದೆ. ಚಡಚಣದ ಹುಡುಗಿಗೂ ಬೆಂಗಳೂರಿನ ಪ್ರೊಫೆಸರಿಗೂ ಒಂದೇ ಪುಟ ತೆರೆಯುತ್ತದೆ. ಇದನ್ನು ಅಚ್ಚು ಮಾಡಲಾರದು, ಅಪ್ಪಾ.

ಗುಮ್ಮಟದ ಓಣಿ, ವಿಜಯಪುರ

ಟ್ರಂಕಿನಲ್ಲಿ ಇಟ್ಟವಳು ನಿನ್ನಮ್ಮ, ಗೆದ್ದಲು ಹತ್ತಬಾರದು ಅಂತ. ಅದಕ್ಕೇ ಇವತ್ತು ಸ್ಕ್ಯಾನ್ ಮಾಡಲು ಏನಾದರೂ ಉಳಿದಿದೆ. ಮತ್ತೆ ಆ ತಾಣದಲ್ಲಿರುವ ವಚನಗಳು ಯಾವ ಪುಸ್ತಕದಿಂದ ಬಂದವು, ಆ ಪುಸ್ತಕಗಳಿಗೆ ಮೊದಲು ದಾರಿ ಮಾಡಿದವರು ಯಾರು, ಅದನ್ನೂ ಬರಿ.

ಕೃಷ್ಣಾ ತೀರ, ಜಮಖಂಡಿ

ಅಪ್ಪ ಮಗನ ಜಗಳದ ನಡುವೆ ಬಾಯಿ ಹಾಕುತ್ತೇನೆ. ಇಬ್ಬರೂ ಒಂದು ಪುಸ್ತಕಕ್ಕೆ ಒಬ್ಬ ಓದುಗ ಅಂತ ಲೆಕ್ಕ ಹಿಡಿದಿದ್ದೀರಿ. ನಮ್ಮ ಕಡೆ ಪುಸ್ತಕ ಹಾಗೆ ಓಡಾಡಲೇ ಇಲ್ಲ.

ಶ್ರಾವಣ ಬಂತು ಅಂದರೆ ಹಳ್ಳಿ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಊರಿಗೆಲ್ಲ ಒಂದೇ ಅಚ್ಚಿನ ಪುಸ್ತಕ. ಒಬ್ಬರು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಬಿಡಿಸಿ ಹೇಳುತ್ತಾರೆ, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಕೇಳುವವರಲ್ಲಿ ಅರ್ಧದಷ್ಟು ಜನಕ್ಕೆ ಅಕ್ಷರ ಬಾರದು. ತಿಂಗಳು ಮುಗಿಯುವ ಹೊತ್ತಿಗೆ ಕತೆ ಎಲ್ಲರ ಬಾಯಲ್ಲಿ. ತಾಡೋಲೆ ಇದ್ದಾಗ ಇದು ಎಲ್ಲಾ ಊರಲ್ಲಿ ನಡೆಯುವ ಹಾಗಿರಲಿಲ್ಲ, ಪ್ರತಿಯೇ ಇರುತ್ತಿರಲಿಲ್ಲ. ಅಚ್ಚು ಬಂದು ಊರಿಗೊಂದು ಪುಸ್ತಕ ಕೊಟ್ಟಿತು. ಉಳಿದದ್ದನ್ನು ಗಂಟಲು ಮಾಡಿತು.

ಬನಶಂಕರಿ ಜಾತ್ರೆಯನ್ನೂ ನೆನೆಸಿಕೊಳ್ಳಿ. ನಾಟಕ ಕಂಪನಿಗಳ ಡೇರೆಯ ಆಚೀಚೆ ನೆಲದ ಮೇಲೆ ತಾಡಪತ್ರಿ ಹಾಸಿ ಸಣ್ಣ ಪುಸ್ತಕ ಮಾರುತ್ತಿದ್ದರು. ತತ್ವಪದ, ನಾಟಕ, ಪಂಚಾಂಗ, ಲಗ್ನದ ಹಾಡು, ದನದ ರೋಗಕ್ಕೆ ನಾಟಿ ಔಷಧ. ಕಾಗದ ಕೈಗೆ ಹಿಡಿದರೆ ಹರಿಯುವಂಥದ್ದು, ಮಸಿ ಬೆರಳಿಗೆ ಹತ್ತುತ್ತಿತ್ತು. ಸಾಹಿತ್ಯದ ಚರಿತ್ರೆ ಬರೆಯುವವರು ಇವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ಕೇಳಿದರೆ ಜನ ದುಡ್ಡು ಕೊಟ್ಟು ಕೊಂಡ ವಿದ್ಯೆ ಇದೇ.

ಬಾರಾಕಮಾನ್ ನೆರಳು, ವಿಜಯಪುರ

ತಾಡೋಲೆ, ಟ್ರಂಕು ಎಲ್ಲ ಬಂತು. ನಮ್ಮೂರಿನ ಇನ್ನೊಂದು ಗ್ರಂಥ ಭಂಡಾರವನ್ನು ಮರೆತಿರಿ. ಆದಿಲ್ ಶಾಹಿಗಳ ಅರಬ್ಬಿ, ಪಾರ್ಸಿ ಹಸ್ತಪ್ರತಿಗಳು ಆಸಾರ್ ಮಹಲ್‌ನಲ್ಲಿದ್ದವು. 1853ರಲ್ಲಿ ಅವು ಲಂಡನ್ನಿಗೆ ಹೋದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಾವು ಖಾಲಿ ಕಟ್ಟಡ ನೋಡಿಕೊಂಡು ಬರುತ್ತೇವೆ. ಅಲ್ಲೇ ಇದ್ದಿದ್ದರೆ ಉಳಿಯುತ್ತಿದ್ದವಾ ಅಂತ ವಾದ ಮಾಡುವವರಿದ್ದಾರೆ, ಮಾಡಲಿ. ನನ್ನ ಮಾತು ಇಷ್ಟೇ: ಅವು ಅಚ್ಚಾಗಿದ್ದರೆ ಒಂದು ಪ್ರತಿ ಲಂಡನ್ನಿಗೆ ಹೋದರೂ ಇನ್ನೊಂದು ಇಲ್ಲೇ ಇರುತ್ತಿತ್ತು. ಒಂದೇ ಪ್ರತಿ ಇದ್ದಾಗ ಅದು ಯಾರ ಕೈಗೆ ಹೋಯಿತೋ ಅವರದ್ದೇ.

ಒಣಬೇಸಾಯ, ಸಿಂದಗಿ

ಎಲ್ಲರೂ ವಚನ, ಪುರಾಣ ಅಂತೀರಿ. ನನಗೆ ವಿದ್ಯೆ ಅಂದರೆ ಉತಾರ, ಹೊಲದ ಪಹಣಿ!

ನಗಬೇಡಿ. ನಮ್ಮ ಹೊಲ ನಮ್ಮ ಹೆಸರಲ್ಲಿ ಇದೆಯಾ, ಅದರ ಮೇಲೆ ಸಾಲದ ಬೋಜಾ ಎಷ್ಟು ಅಂತ ತಿಳಿಯಬೇಕಾದರೆ ಮೊದಲು ಊರಿನ ಲೆಕ್ಕಿಗ ತಲಾಟಿಯನ್ನು ಹುಡುಕಬೇಕಿತ್ತು. ಪುಸ್ತಕ ಅವರ ಗಂಟಿನಲ್ಲಿ. ಅವರು ಸಿಗಬೇಕು, ಸಿಕ್ಕರೆ ಮನಸ್ಸು ಮಾಡಬೇಕು, ಮನಸ್ಸು ಮಾಡಿದರೆ ಕೈ ಬೆಚ್ಚಗೆ ಮಾಡಬೇಕು. ಪಕ್ಕದವರ ಹೆಸರು ನಮ್ಮ ಸರ್ವೆ ನಂಬರಿಗೆ ಯಾವಾಗ ಸೇರಿತು ಅನ್ನುವುದು ಎಷ್ಟೋ ಜನಕ್ಕೆ ಕೋರ್ಟಿಗೆ ಹೋದ ಮೇಲೆ ತಿಳಿದದ್ದು. ಸುಮಾರು 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ಆಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುತ್ತಿತ್ತು. ಈಗ ಮೊಬೈಲಿನಲ್ಲೇ ಸರ್ವೆ ನಂಬರ್ ಹಾಕಿ ನೋಡುತ್ತೇನೆ. ತಪ್ಪು ಇದ್ದರೆ ತಿದ್ದಿಸಲು ಇವತ್ತಿಗೂ ಚಪ್ಪಲಿ ಸವೆಯುತ್ತದೆ, ಅದು ಬೇರೆ ಮಾತು. ತಪ್ಪಿದೆ ಅಂತ ನಾನೇ ನೋಡಬಹುದು ಅಲ್ವಾ, ಅದು ನಮ್ಮಪ್ಪನಿಗೆ ಇರಲಿಲ್ಲ.

ಇಳಕಲ್ ದಡಿ

ಸಿಂದಗಿ ಅಣ್ಣಾವರ ಮಾತು ನೂರಕ್ಕೆ ನೂರು ಸರಿ. ಈಗ ನನ್ನದೂ ಕೇಳಿ, ಸ್ವಲ್ಪ ಉದ್ದ ಇದೆ.

2011ರ ಜನಗಣತಿಯಲ್ಲಿ ವಿಜಯಪುರ ಜಿಲ್ಲೆಯ ಸಾಕ್ಷರತೆ ಶೇಕಡಾ 67ರ ಹತ್ತಿರ, ಬಾಗಲಕೋಟೆ ಶೇಕಡಾ 69ರ ಹತ್ತಿರ. ಅಂದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಓದಲು ಬರುತ್ತಿರಲಿಲ್ಲ. ಹೆಂಗಸರಲ್ಲಿ ಇನ್ನೂ ಜಾಸ್ತಿ. ಇವರಿಗೆ ಅಚ್ಚೂ ಇಲ್ಲ, ನೀವು ಹೇಳುವ ಶಬ್ದ ಹುಡುಕುವ ತಾಣವೂ ಇಲ್ಲ. ನಮ್ಮತ್ತೆ ಮಗ್ಗದ ಮುಂದೆ ಕೂತವರು, ಸಹಿ ಮಾಡಲು ಬರುತ್ತದೆ ಅಷ್ಟೇ. ಅವರು ದಿನಾ ಯೂಟ್ಯೂಬಿನಲ್ಲಿ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಹಚ್ಚಿ ಕೇಳುತ್ತಾರೆ. 2023ರ ಜನವರಿಯಲ್ಲಿ ಸ್ವಾಮೀಜಿ ಹೋದರು. ದನಿ ನಮ್ಮ ಅಡುಗೆಮನೆಯಲ್ಲಿ ಇನ್ನೂ ಇದೆ. ಕೇಳಿದ್ದನ್ನು ಅತ್ತೆ ನನಗೆ ತಿರುಗಿ ಹೇಳುತ್ತಾರೆ, ನಡುವೆ ತಮ್ಮದೂ ಸೇರಿಸಿ. ಜಮಖಂಡಿಯವರು ಹೇಳಿದ ಪುರಾಣದ ಕೆಲಸವನ್ನೇ ಮೊಬೈಲ್ ಮಾಡುತ್ತಿದೆ, ಕೇಳುವವರು ಗುಡಿಗೆ ಹೋಗಬೇಕಿಲ್ಲ. ಮುಟ್ಟಾದ ದಿನವೂ ಕೇಳಬಹುದು, ಅದನ್ನೂ ಹೇಳಿಬಿಡುತ್ತೇನೆ.

ಆದರೆ ಮೊಬೈಲ್ ಯಾರದು? ನಮ್ಮ ಓಣಿಯಲ್ಲಿ ಎಷ್ಟೋ ಮನೆಯಲ್ಲಿ ಒಂದೇ ದೊಡ್ಡ ಫೋನು. ಅದು ಗಂಡನ ಜೇಬಿನಲ್ಲಿ ಬೆಳಿಗ್ಗೆ ಹೊರಗೆ ಹೋಗುತ್ತದೆ, ರಾತ್ರಿ ಬರುತ್ತದೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಅಂದಾಗ ಗಂಡು ಹುಡುಗನಿಗೆ ಫೋನು, ಹೆಣ್ಣು ಹುಡುಗಿಗೆ "ಅಣ್ಣನ ಕೇಳಿ ಬರಕೋ". ಪುಸ್ತಕಕ್ಕೆ ಇಂಥ ತಕರಾರು ಕಡಿಮೆ. ಶಾಲೆಯ ಪುಸ್ತಕ ಅವಳ ಹೆಸರಲ್ಲಿ ಬರುತ್ತದೆ, ಅವಳ ಚೀಲದಲ್ಲಿ ಇರುತ್ತದೆ.

ಗ್ರಂಥಾಲಯದ ಮಾತೂ ಬರಲಿ. 1965ರ ಕಾಯಿದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ, ಶೇಕಡಾ 6. ಮನೆ ಪಟ್ಟಿ ಕಟ್ಟಿದ ರಸೀದಿ ತೆಗೆದು ನೋಡಿ. ಕೊಟ್ಟ ದುಡ್ಡಿಗೆ ಎಷ್ಟು ಜನ ಹೋಗಿ ಕೂರುತ್ತೇವೆ? ನಾನು ಹೋದ ಒಂದು ಕಡೆ ಬೀರುವಿಗೆ ಕೀಲಿ ಹಾಕಿತ್ತು, ಕೀಲಿ ಕೈ ಇದ್ದವರು ರಜೆ. ಇನ್ನೊಂದು ಊರಿನ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, ಹುಡುಗಿಯರು ಸಾಲಾಗಿ ಕೂತು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದರು. ಎರಡೂ ಇದೇ ಜಿಲ್ಲೆ.

ಓಣಿಯ ಮಗ

ಅಕ್ಕಾ, ಫೋನಿನ ಮಾತು ನಾನು ಯೋಚಿಸಿಯೇ ಇರಲಿಲ್ಲ. ಆದರೂ ಕಾಲೇಜು ಹುಡುಗರಿಗೆ ನೆಟ್ ಕೊಟ್ಟಷ್ಟು ಯಾವ ಲೈಬ್ರರಿಯೂ ಕೊಟ್ಟಿಲ್ಲ ಅನ್ನುವುದಕ್ಕೆ ಈಗಲೂ ಬದ್ಧ.

ಚಾಕ್‌ಪೀಸ್, ಗೋಕಾಕ

ನಿವೃತ್ತ ಮೇಷ್ಟ್ರು ನಾನು. ನೆಟ್ ಕೊಟ್ಟದ್ದರಲ್ಲಿ ಕಸ ಎಷ್ಟು ಅಂತಲೂ ಹೇಳಿ. ಬೆಳಿಗ್ಗೆ ಎದ್ದರೆ ವಾಟ್ಸಾಪಿನಲ್ಲಿ ಬಸವಣ್ಣನವರ ಚಿತ್ರ, ಕೆಳಗೆ ನಾಲ್ಕು ಸಾಲು, ಕಡೆಗೆ 'ಕೂಡಲಸಂಗಮದೇವ'. ಸಾಲು ಓದಿದರೆ ನಿನ್ನೆ ಯಾರೋ ಬರೆದದ್ದು ಅಂತ ಗೊತ್ತಾಗುತ್ತದೆ. ಅಂಕಿತ ಅಂಟಿಸಿದರೆ ವಚನ ಆಗಿಬಿಟ್ಟಿತು! ಅಚ್ಚಿನ ಪುಸ್ತಕದಲ್ಲಿ ಸಂಪಾದಕರ ಹೆಸರು ಇರುತ್ತಿತ್ತು, ತಪ್ಪಾದರೆ ಪತ್ರ ಬರೆದು ಬೈಯಬಹುದಿತ್ತು. ಇಲ್ಲಿ ಯಾರನ್ನು ಬೈಯುವುದು? ಕಳಿಸಿದವ ನನ್ನ ಬೀಗರು.

ಮೊಳೆ ಮಾಸ್ತರ, ಬೆಳಗಾವಿ

ಮೇಷ್ಟ್ರೇ, ಸುಳ್ಳು ಅಚ್ಚು ಹಾಕಿದ ಕೈ ಇದು. ಚುನಾವಣೆಯ ಹಿಂದಿನ ರಾತ್ರಿ ಬರುತ್ತಿದ್ದ ಹ್ಯಾಂಡ್‌ಬಿಲ್ ನೋಡಿದ್ದರೆ ವಾಟ್ಸಾಪ್ ಎಷ್ಟೋ ವಾಸಿ ಅನ್ನುತ್ತಿದ್ದಿರಿ.

ಅರ್ಕಾವತ್ತು, ಬೆಳಗಾವಿ

ಮೊದಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಹಾಗಾಗಿ ಕೆಲಸದ ಮಾತು. ನಾನು ಇದೇ ಸಾಫ್ಟ್‌ವೇರ್ ಹೊಟ್ಟೆಪಾಡಿನವನು.

ಹಕ್ಕುಸ್ವಾಮ್ಯ ಮೊದಲು. ಹಳಕಟ್ಟಿಯವರು ಸ್ವತಃ ಬರೆದದ್ದಕ್ಕೆ ಅಡ್ಡಿಯಿಲ್ಲ. 'ಶಿವಾನುಭವ'ದ ಸಂಚಿಕೆಗಳಲ್ಲಿ ಬೇರೆಯವರ ಲೇಖನಗಳೂ ಇರುತ್ತವೆ. ಆ ಲೇಖಕರಲ್ಲಿ ಯಾರು ಯಾವಾಗ ತೀರಿಕೊಂಡರು ಅಂತ ಬೇರೆ ಬೇರೆ ನೋಡಬೇಕು. ಈಚೆಗೆ ಬಂದ ಮರುಮುದ್ರಣ ಹಿಡಿದು ಸ್ಕ್ಯಾನ್ ಮಾಡಬೇಡಿ, ಅದರ ಮುನ್ನುಡಿ, ಟಿಪ್ಪಣಿಗಳು ಹೊಸ ಸಂಪಾದಕರದು. ಎಲ್ಲರೂ ಬಳಸಬಹುದಾದ ಕಡತಗಳ ತಾಣ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕುವುದಾದರೆ ಅಮೆರಿಕದ ಕಾನೂನಿನಲ್ಲೂ ಅವಧಿ ಮುಗಿದಿರಬೇಕು ಅನ್ನುತ್ತಾರೆ. 1923ರ ಮೊದಲ ಭಾಗಕ್ಕೆ ಆ ತಕರಾರು ಬರುವುದಿಲ್ಲ. ಹಾಗಾಗಿ ಅದರಿಂದಲೇ ಶುರು ಮಾಡಿ.

ಇನ್ನು ಮುಖ್ಯ ಸಂಗತಿ. ಬರೀ ಪುಟದ ಫೋಟೋ ಹಾಕಿದರೆ ಅರ್ಧ ಕೆಲಸ. ಫೋಟೋದೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗುವುದಿಲ್ಲ, ಓಣಿಯ ಮಗ ಹೇಳಿದ ಟ್ರಂಕೇ ಮತ್ತೆ. ಅದನ್ನು ಪಠ್ಯ ಮಾಡಬೇಕು, ಅದೂ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ ಯುನಿಕೋಡ್‌ನಲ್ಲಿ. ಕನ್ನಡಕ್ಕೆ ಇಲ್ಲಿ ಏನಾಯಿತು ಅಂತ ಮೊಳೆ ಮಾಸ್ತರ ಕಾಕಾಗೆ ಕೇಳಲು ಖುಷಿಯಾಗಬಹುದು. ದೇಶದಲ್ಲಿ ಜನಕ್ಕೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಅಷ್ಟರಲ್ಲಿ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಇತ್ತು. ಆದರೆ ನಮ್ಮ ಕಂಪ್ಯೂಟರುಗಳಲ್ಲಿ ಅದು ಸರಿಯಾಗಿ ಮೂಡುತ್ತಿರಲಿಲ್ಲ. 'ಬರಹ', 'ನುಡಿ' ಅನ್ನುವ ತಂತ್ರಾಂಶ ಬಂದು ಕನ್ನಡ ಬೆರಳಚ್ಚು ಮನೆಮನೆಗೆ ಬಂತು, ಅದಕ್ಕೆ ಕೈ ಮುಗಿಯಬೇಕು. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚಿತ್ರ ಕೂರಿಸಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ವರ್ಷಗಟ್ಟಲೆ ಪತ್ರಿಕೆ, ಸರ್ಕಾರಿ ಆದೇಶ, ಪುಸ್ತಕ ಎಲ್ಲ ಹಾಗೇ ಟೈಪಾದವು. ನೆಟ್‌ನಲ್ಲಿದ್ದರೂ ಹುಡುಕಿದರೆ ಸಿಗವು.

ಪರಿವರ್ತಕಗಳಿವೆ, ಆದರೆ ಎಡವುತ್ತವೆ. ಉದಾಹರಣೆಗೆ 'ಧರ್ಮ'. ಹಳೇ ಫಾಂಟಿನಲ್ಲಿ ಕಣ್ಣಿಗೆ ಕಂಡ ಕ್ರಮ: ಮೊದಲು ಧ, ಆಮೇಲೆ ಮ, ಕಡೆಗೆ ಅರ್ಕಾವತ್ತು. ಯುನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮ: ಧ, ರ, ವಿರಾಮ, ಮ. ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ತರುವಾಗ ಒತ್ತು, ಕೊಂಬು ಇದ್ದರೆ ಯಂತ್ರಕ್ಕೆ ತಲೆ ಕೆಡುತ್ತದೆ. (ನನ್ನ ಹೆಸರು ಯಾಕೆ ಹೀಗಿದೆ ಅಂತ ಈಗ ತಿಳಿಯಿತಲ್ಲ.) ಹಳೇ ಅಚ್ಚಿನ ಪುಟವನ್ನು ಯಂತ್ರದಿಂದ ಓದಿಸಿದರೂ ಇದೇ ಪಾಡು. ಮಸಿ ಹರಡಿದ ಕಡೆ 'ಪ' ಮತ್ತು 'ವ' ಅದಲು ಬದಲು, ಒತ್ತುಗಳು ಕೆಳಗಿನ ಸಾಲಿಗೆ ಬೀಳುತ್ತವೆ.

ಹಾಗಾಗಿ ಹಕ್ಕು ಮುಗಿದ ಪುಸ್ತಕಗಳ ಪಠ್ಯ ಇಡುವ ತಾಣ ಕನ್ನಡ ವಿಕಿಸೋರ್ಸ್‌ಗೆ ಏರಿಸಿ. ಅಲ್ಲಿ ಎಡಕ್ಕೆ ಪಠ್ಯ, ಬಲಕ್ಕೆ ಮೂಲ ಪುಟದ ಚಿತ್ರ, ಪಕ್ಕಪಕ್ಕ ಇಟ್ಟುಕೊಂಡು ತಿದ್ದಬಹುದು. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಯಾರು ತಿದ್ದಿದರು ಅಂತ ಖಾತೆಯ ಹೆಸರು ಉಳಿಯುತ್ತದೆ. ಗೋಕಾಕದ ಮೇಷ್ಟ್ರಿಗೆ ಬೈಯಲು ಜನ ಸಿಗುತ್ತಾರೆ.

ಮೊಳೆ ಮಾಸ್ತರ, ಬೆಳಗಾವಿ

ಇದು ಕರಡು ತಿದ್ದುವುದೇ ಆಯಿತಲ್ಲಪ್ಪಾ! ನನಗೆ ಕೊಡಿ. ಟೈಪ್ ಮಾಡಲು ಕೈ ನಡುಗುತ್ತದೆ, ಕಣ್ಣು ಇನ್ನೂ ಚೂಪಾಗಿದೆ. ಮೊಮ್ಮಗಳು ಒತ್ತಲಿ, ನಾನು ತಪ್ಪು ಹಿಡಿಯುತ್ತೇನೆ.

ಚಾಕ್‌ಪೀಸ್, ಗೋಕಾಕ

ನಾನೂ ಸೇರುತ್ತೇನೆ. ಒಂದು ಷರತ್ತು: 1923ರ ಅಚ್ಚಿನಲ್ಲಿ ಇದ್ದ ಹಾಗೇ ಇರಬೇಕು. ಈಗಿನ ಕಾಗುಣಿತಕ್ಕೆ ಯಾರೂ ಜಾಣತನ ಮಾಡಿ ತಿದ್ದಬಾರದು.

ಇಳಕಲ್ ದಡಿ

ಪಠ್ಯ ಆದ ಮೇಲೆ ಹತ್ತಿಪ್ಪತ್ತು ವಚನ ಓದಿ ಧ್ವನಿ ಮುದ್ರಿಸಿ ನಾನೂ ಏರಿಸಬಹುದಾ? ಅತ್ತೆಗೆ ಮತ್ತು ಅವರ ಗೆಳತಿಯರಿಗೆ.

ಅರ್ಕಾವತ್ತು, ಬೆಳಗಾವಿ

ಧಾರಾಳವಾಗಿ, ಅಕ್ಕಾ. ಹಕ್ಕು ಮುಗಿದ ಪುಸ್ತಕ, ದನಿ ನಿಮ್ಮದು.

ಓಣಿಯವರೇ, ಸ್ಕ್ಯಾನರ್ ಬೇಕೇ ಬೇಕು ಅಂತಿಲ್ಲ, ಮೊಬೈಲ್ ಕ್ಯಾಮೆರಾ ಸಾಕು. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಆರಿಸಿ, ಪುಟಕ್ಕೆ ನೇರ ಮೇಲಿನಿಂದ ತೆಗೆಯಿರಿ. ಹೊಲಿಗೆ ಬಿಗಿ ಇದ್ದರೆ ಪುಸ್ತಕ ಒತ್ತಿ ಅಗಲ ಮಾಡಬೇಡಿ, ಬೆನ್ನು ಮುರಿಯುತ್ತದೆ. ರಟ್ಟು ಹೋಗಿದೆ ಅಂದಿರಿ, ಅಚ್ಚಾದ ವರ್ಷ, ಪ್ರೆಸ್ ಹೆಸರು ಇರುವ ಹಾಳೆ ಉಳಿದಿದೆಯಾ? ಅದಿಲ್ಲದೆ 1923ರದ್ದು ಅಂತ ತೋರಿಸುವುದು ಕಷ್ಟ.

ಗುಮ್ಮಟದ ಓಣಿ, ವಿಜಯಪುರ

ಇದೆ, ಮೂಲೆ ಸ್ವಲ್ಪ ಹರಿದಿದೆ, ವರ್ಷ ಓದಲು ಬರುತ್ತದೆ. ಕ್ಯಾಮೆರಾ ಕೆಲಸ ಮಗನದು, ಹಾಳೆ ತಿರುವುವುದು ನನ್ನದು ಅಂತ ಈಗಷ್ಟೇ ಒಪ್ಪಂದ ಆಗಿದೆ. ಅವನ ಪರೀಕ್ಷೆ ಮುಗಿಯಲಿ, ಮೊದಲ 20 ಪುಟ ಇಲ್ಲೇ ಹಾಕುತ್ತೇವೆ, ನೋಡಿ ಹೇಳಿ. ಎರಡನೇ ಭಾಗದ ಹಳೇ ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ. ಪುಸ್ತಕ ಕೊಡುವುದು ಬೇಡ, ನಾವೇ ನಿಮ್ಮ ಮನೆಗೆ ಬಂದು ಫೋಟೋ ತೆಗೆದುಕೊಂಡು ಹೋಗುತ್ತೇವೆ.

ಒಣಬೇಸಾಯ, ಸಿಂದಗಿ

ನಮ್ಮೂರ ಮಠದಲ್ಲಿ ಹಳೇ ಪುಸ್ತಕದ ಒಂದು ಪೆಟ್ಟಿಗೆ ಇದೆ ಅಂತ ಕೇಳಿದ್ದೇನೆ. ಬರುವ ಸೋಮವಾರ ಅಜ್ಜಾವರ ದರ್ಶನಕ್ಕೆ ಹೋಗುತ್ತೇನೆ, ಕೇಳಿ ನೋಡುತ್ತೇನೆ. ಪೂಜೆ ಮಾಡುತ್ತಿದ್ದರೆ ಬಿಚ್ಚಿಸುವುದು ಹೇಗೆ ಅಂತ ಮಾತ್ರ ಯಾರಾದರೂ ಹೇಳಿಕೊಡಿ.